ಮೂವತ್ತೊಂದು ಗಿಳಿಗಳು, ನನ್ನ ಒಂದು ಅರ್ಜಿ

ಆ ಅರ್ಜಿಯನ್ನು ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಇದನ್ನು ಓದಿ ಮುಗಿಸುವ ಹೊತ್ತಿಗೆ ಯಾರಾದರೂ ನನ್ನನ್ನು ದೊಡ್ಡ ಪಕ್ಷಿಪ್ರೇಮಿ ಎಂದು ತಿಳಿದುಕೊಂಡಾರು.

ಎಂಬತ್ತರ ದಶಕದ ಆರಂಭ. ನಮ್ಮ ಮನೆಯವರಿಗೆ ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ, ನನಗೆ ಹೆಬ್ಬಾಳದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಕೆಲಸ. ಗದಗಿನ ಕಡೆಯಿಂದ ಬಂದ ನಾವು ಆರ್.ಟಿ. ನಗರದಲ್ಲಿ ಒಂದು ಮಹಡಿ ಮನೆ ಹಿಡಿದೆವು. ಹಾಲ್ ದೊಡ್ಡದು, ಗಾಳಿ ಬೆಳಕು ಧಾರಾಳ, ಬಾಡಿಗೆ ಮಾತ್ರ ಕಡಿಮೆ. ಯಾಕೆ ಕಡಿಮೆ ಎನ್ನುವುದು ಮಾರನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ತಿಳಿಯಿತು. ಕೆಳಗಡೆ ಯಾರೋ ಎರಡು ಬೆರಳು ಬಾಯಿಗಿಟ್ಟು ಉದ್ದಕ್ಕೆ ಒಂದು ಸೀಟಿ ಹೊಡೆದರು. ಅದರ ಹಿಂದೆಯೇ ನೂರಾರು ಹಕ್ಕಿಗಳು ಒಟ್ಟಿಗೆ ಕಿರುಚಿಕೊಂಡವು. ಕೈಯಲ್ಲಿದ್ದ ಹಾಲಿನ ಪಾತ್ರೆ ಬಿದ್ದು ಅಡುಗೆಮನೆಯೆಲ್ಲ ಹಾಲಾಯಿತು.

ನಮ್ಮ ಮನೆಯ ಕೆಳಗಿದ್ದದ್ದು ಗಿಳಿ ಅಂಗಡಿ. ಅದರ ಯಜಮಾನರನ್ನು ಇಡೀ ರಸ್ತೆಯೇ ಚಾಚಾ ಎನ್ನುತ್ತಿತ್ತು. ಅರವತ್ತು ದಾಟಿದ ವಯಸ್ಸು, ಮೆಹಂದಿ ಹಚ್ಚಿದ ಗಡ್ಡ, ಚೌಕಳಿ ಲುಂಗಿ, ತಲೆಯ ಮೇಲೆ ಬಿಳಿ ಟೋಪಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರೂ ಅವರ ಹೆಂಡತಿಯೂ ಇದ್ದರು. ಮುಂದಿನ ಭಾಗದಲ್ಲಿ ನೆಲದಿಂದ ಸೂರಿನವರೆಗೆ ಪಂಜರಗಳು: ಲವ್‌ಬರ್ಡ್ಸ್, ಮುನಿಯಾ, ಮೈನಾ, ಮತ್ತೆ ಗಿಳಿ, ಗಿಳಿ, ಗಿಳಿ. ಬೆಳಿಗ್ಗೆ ಏಳಕ್ಕೆ ಸೀಟಿ ಹೊಡೆದು ನೆನೆಸಿದ ಕಡಲೆಯ ತಟ್ಟೆ ಒಳಗಿಡುವುದು ಅವರ ಮೂವತ್ತು ವರ್ಷದ ಪದ್ಧತಿ. ಹಕ್ಕಿಗೂ ಸೀಟಿಗೂ ಊಟಕ್ಕೂ ಗಂಟು ಬಿದ್ದುಹೋಗಿತ್ತು.

ನನಗೋ ಮೂಗಿನ ತುದಿಯಲ್ಲೇ ಕೋಪ. ಮೊದಲ ವರ್ಷ ಮೆಟ್ಟಿಲ ಮೇಲೆ ನಿಂತು ದಿನಾ ಜಗಳ ಕಾದೆ. ಇದೇನು ಮನುಷ್ಯರು ಇರುವ ಜಾಗವೋ ಇಲ್ಲವೋ ಎಂದೆ, ಮನೆ ಮಾಲೀಕರಿಗೆ ಹೇಳುತ್ತೇನೆ ಎಂದೆ. ಚಾಚಾ ತಲೆಯಾಡಿಸಿ ಕಡಲೆಯ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಆಮೇಲೆ ನನಗೆ ಕಾಮಾಲೆ ಬಂದು ಮೂರು ವಾರ ಮಲಗಿದೆ. ಆ ಮೂರು ವಾರ ಕೆಳಗಿನಿಂದ ಒಂದು ಚಿಲಿಪಿಲಿಯೂ ಇಲ್ಲ. ಹಕ್ಕಿಗಳೆಲ್ಲ ಸತ್ತುಹೋದವೇನೋ ಎಂದು ನಾನೇ ಗಾಬರಿಯಾಗಿ ವಿಚಾರಿಸಿದರೆ, ಚಾಚಾ ಪಂಜರಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿಟ್ಟಿದ್ದರಂತೆ. ಕತ್ತಲಾದರೆ ಹಕ್ಕಿ ಮಾತಾಡುವುದಿಲ್ಲ. ಕಡಲೆ ಹಾಕುವಾಗ ಬಿಟ್ಟರೆ ಬಟ್ಟೆ ಸರಿಸುತ್ತಲೇ ಇರಲಿಲ್ಲವಂತೆ. ಆವತ್ತಿನಿಂದ ನನ್ನ ಬಾಯಿಗೆ ಬೀಗ ಬಿತ್ತು.

ಆ ರಸ್ತೆಗೆಲ್ಲ ಅರ್ಜಿ ಬರೆದುಕೊಡುತ್ತಿದ್ದವಳು ನಾನು. ರೇಷನ್ ಕಾರ್ಡು, ಬೀದಿ ದೀಪ, ನಲ್ಲಿ, ಏನೇ ಇರಲಿ, ಟೀಚರಮ್ಮನ ಕೈಬರಹ ಮುತ್ತು ಪೋಣಿಸಿದ ಹಾಗಿದೆ ಎಂದು ಬರುತ್ತಿದ್ದರು. ನನಗೂ ಅದರದೊಂದು ಜಂಬ. ಹೀಗಿರುವಾಗ ಒಂದು ದಿನ ಚಾಚಾ ಬಂದರು. ಹಕ್ಕಿ ಮಾರುವವರು ಇನ್ನು ಮುಂದೆ ಅರಣ್ಯ ಇಲಾಖೆಯ ಪರವಾನಗಿ ತೆಗೆದುಕೊಳ್ಳಬೇಕೆಂದು ಯಾರೋ ಅವರಿಗೆ ಹೇಳಿದ್ದರು. ಒಂದು ಅರ್ಜಿ ಬರೆದುಕೊಡಿ ಎಂದರು. ನಾನು ಲೇಖನಿಗೆ ಇಂಕು ತುಂಬಿಸಿಕೊಂಡು ಕೂತೆ.

ಎಷ್ಟು ಗಿಳಿ ಇವೆ ಎಂದು ಕೇಳಿದರೆ ಚಾಚಾ ಹತ್ತು ಹನ್ನೆರಡು ಎಂದು ಬರೆಯಿರಿ ಸಾಕು ಎಂದರು. ನಾನು ಬಿಡಲಿಲ್ಲ. ಜಾಸ್ತಿ ಇದ್ದಷ್ಟೂ ಅಂಗಡಿ ದೊಡ್ಡದು ಎಂದು ಕಾಣುತ್ತದೆ, ಪರವಾನಗಿ ಬೇಗ ಸಿಗುತ್ತದೆ ಎಂದು ಅವರಿಗೆ ಬುದ್ಧಿ ಹೇಳಿ, ಕೆಳಗಿಳಿದು ನಾನೇ ಎಣಿಸಿ, ಮೂವತ್ತೊಂದು ಎಂದು ಬರೆದೆ. ಅಷ್ಟಕ್ಕೇ ಸುಮ್ಮನಾದೆನೇ? ‘ಗಿರಾಕಿಗಳಿಗೆ ತೊಂದರೆಯಾಗದಂತೆ ಸದರಿ ಗಿಳಿಗಳ ರೆಕ್ಕೆಗಳನ್ನು ಕ್ರಮಬದ್ಧವಾಗಿ ಕತ್ತರಿಸಲಾಗಿದೆ’ ಎಂದೂ ಸೇರಿಸಿ, ಕೊನೆಗೆ ‘ತಮ್ಮ ವಿಧೇಯ’ ಎಂದು ಬರೆದು ಚಾಚಾರ ಹೆಬ್ಬೆಟ್ಟು ಒತ್ತಿಸಿದೆ.

ಎರಡು ವಾರ ಕಳೆದ ಮೇಲೆ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಮೋಟಾರ್ ಸೈಕಲ್ಲಿನಲ್ಲಿ ಬಂದು ಇಳಿದರು. ತೆಳ್ಳನೆಯ ಮನುಷ್ಯ, ಇನ್ನೂ ಮೂವತ್ತೂ ತುಂಬಿರಲಿಕ್ಕಿಲ್ಲ. ಕೈಯಲ್ಲಿ ನನ್ನ ಅರ್ಜಿ. ನಾನು ಮೆಟ್ಟಿಲ ಮೇಲಿಂದಲೇ ನನ್ನ ಅಕ್ಷರವನ್ನು ಗುರುತು ಹಿಡಿದು, ಪರವಾನಗಿ ಬಂತು ಎಂದು ಸಂಭ್ರಮದಿಂದ ಕೆಳಗೆ ಓಡಿದೆ. ಅವರು ಬಂದದ್ದು ಬೇರೆಯದಕ್ಕೆ. ನಮ್ಮ ನಾಡಿನ ಗಿಳಿ, ಮೈನಾ, ಮುನಿಯಾಗಳನ್ನು ಪರವಾನಗಿಯಿಲ್ಲದೆ ಮಾರುವುದು ಅಪರಾಧ, ಹೊಸಬರಿಗೆ ಪರವಾನಗಿ ಕೊಡುತ್ತಿಲ್ಲ, ಹೊರದೇಶದಿಂದ ಬಂದ ಲವ್‌ಬರ್ಡ್ಸ್ ಮಾತ್ರ ಮಾರಬಹುದು ಎಂದು ಅವರು ವಿವರಿಸಿದರು. ಕಾನೂನು ಬಂದು ಎಷ್ಟೋ ವರ್ಷಗಳಾಗಿದ್ದವಂತೆ. ನಮ್ಮ ರಸ್ತೆಗೆ ಅದು ಬಂದದ್ದು ಅವತ್ತು, ಅದೂ ನನ್ನ ಕೈಬರಹದಲ್ಲಿ.

ಇದನ್ನು ಬರೆದವರು ಯಾರು ಎಂದು ಅವರು ಕೇಳಿದರು. ನಾನು ಎಂದೆ. ಅಕ್ಷರ ಚೆನ್ನಾಗಿದೆ ಎಂದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮೈನಾ, ಮುನಿಯಾಗಳ ಪಂಜರಗಳನ್ನು ಅಲ್ಲೇ ತೆರೆಸಿದರು. ಅವು ಭರ್‍ರೆಂದು ಹೋದವು. ಗಿಳಿಗಳ ಪಂಜರವನ್ನೂ ತೆಗೆಯಿರಿ ಎಂದಾಗ ಚಾಚಾ ಅಡ್ಡ ನಿಂತರು.

“ಸಾಬ್, ಬಾಗ್ಲು ತೆಗೆದ್ರೆ ಇವು ಹಾರಲ್ಲ, ನಡ್ಕೊಂಡು ಹೋಗ್ತಾವೆ. ಸೀದಾ ನಾಯಿ ಬಾಯಿಗೆ. ಮೂರು ತಿಂಗ್ಳು ಕೊಡಿ. ರೆಕ್ಕೆ ಕತ್ತರ್‍ಸಿದ್ದು ನಾನು, ನಾನೇ ಬೆಳೆಸಿಕೊಡ್ತೀನಿ.”

ಅಧಿಕಾರಿ ಪಂಜರದ ಹತ್ತಿರ ಬಗ್ಗಿ ಮೋಟು ರೆಕ್ಕೆಗಳನ್ನು ನೋಡಿದರು. ಕೊನೆಗೆ ಒಪ್ಪಿದರು, ಆದರೆ ಕರಾರಿನ ಮೇಲೆ. ಮೂರು ತಿಂಗಳಲ್ಲಿ ಮೂವತ್ತೊಂದೂ ಗಿಳಿಗಳು ತಮ್ಮ ಕಣ್ಣೆದುರೇ ಹಾರಬೇಕು. ಒಂದೇ ಒಂದು ಮಾರಾಟವಾದರೂ ಕೇಸು ದಾಖಲು, ಚಾಚಾ ಜೈಲಿಗೆ. ಒಂದು ಕಾಗದಕ್ಕೆ ಚಾಚಾ ಹೆಬ್ಬೆಟ್ಟು ಒತ್ತಿದರು, ಸಾಕ್ಷಿಯಾಗಿ ನಾನು ಸಹಿ ಹಾಕಿದೆ.

ಗಿಳಿ ಮಾರುವವರು ಒಂದೇ ಪಕ್ಕದ ರೆಕ್ಕೆ ಕತ್ತರಿಸುತ್ತಾರೆ ಎನ್ನುವುದು ನನಗೆ ಆಗಲೇ ಗೊತ್ತಾದದ್ದು. ಎರಡೂ ಪಕ್ಕ ಸಮನಾಗಿ ಕತ್ತರಿಸಿದರೆ ಹಕ್ಕಿ ಹೇಗೋ ತೇಲಿಕೊಂಡು ಹೋಗಿಬಿಡುತ್ತದೆ. ಒಂದೇ ಪಕ್ಕ ಕತ್ತರಿಸಿದರೆ ಗಿರಗಿರ ಸುತ್ತಿ ನೆಲಕ್ಕೆ ಬೀಳುತ್ತದೆ. ಕತ್ತರಿಸಿದ ಗರಿ ತಾನಾಗಿ ಉದುರಿ ಹೊಸದು ಬರಲು ವರ್ಷವೇ ಬೇಕು. ಆದರೆ ಉಳಿದ ಮೋಟು ಬುಡವನ್ನು ಕಿತ್ತರೆ ಆರೇಳು ವಾರದಲ್ಲಿ ಚಿಗುರುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ಕೀಳುವ ಹಾಗಿಲ್ಲ, ಹಕ್ಕಿ ಸೋತುಹೋಗುತ್ತದೆ. ಎರಡೆರಡೇ ಕೀಳಬೇಕು, ನಾಲ್ಕು ದಿನ ಬಿಟ್ಟು ಮತ್ತೆ ಎರಡು. ಶಾಲೆಯಿಂದ ಬಂದ ಮೇಲೆ ನಾನು ಟವಲಿನಲ್ಲಿ ಗಿಳಿಯನ್ನು ಸುತ್ತಿ ಹಿಡಿದುಕೊಳ್ಳುವುದು, ಚಾಚಾ ಕೀಳುವುದು. ಕೀಳುವ ಮುಂಚೆ ಪ್ರತಿ ಸಲವೂ ಗಿಳಿಯ ಕಿವಿಯ ಹತ್ತಿರ ಬಾಯಿಟ್ಟು ಉರ್ದುವಿನಲ್ಲಿ ಏನೋ ಹೇಳುತ್ತಿದ್ದರು. ಏನು ಹೇಳುತ್ತೀರಿ ಎಂದು ಕೇಳಿದೆ. ಮಾಫಿ ಕೇಳುತ್ತೇನೆ ಎಂದರು. ನನ್ನ ಹತ್ತೂ ಬೆರಳುಗಳನ್ನು ಗಿಳಿಗಳು ಕಚ್ಚಿ ಹಣ್ಣು ಮಾಡಿದವು. ನಾನು ಮಾಡಿದ ಘನಂದಾರಿ ಕೆಲಸಕ್ಕೆ ಅಷ್ಟಾದರೂ ಆಗಬೇಕಿತ್ತು.

ಐದನೆಯ ವಾರದಲ್ಲಿ ಕಂಡದ್ದನ್ನು ಹೇಳಲು ನನಗೆ ಇವತ್ತಿಗೂ ಮಾತು ಸಾಲದು. ಕಿತ್ತ ಜಾಗದಲ್ಲಿ ನೀಲಿ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು ಎದ್ದಿದ್ದವು. ಮುಟ್ಟಿದರೆ ಬೆಚ್ಚಗೆ, ಒಳಗೆ ರಕ್ತ ಓಡುತ್ತಿದೆ ಎಂದರು ಚಾಚಾ. ಕೆಲವು ದಿನ ಕಳೆದ ಮೇಲೆ ಅವರು ಒಂದು ಕಡ್ಡಿಯ ತುದಿಯನ್ನು ಬೆರಳಲ್ಲಿ ಹಗುರವಾಗಿ ಉಜ್ಜಿದರು. ಮೇಲಿನ ಸಿಪ್ಪೆ ಪುಡಿಪುಡಿಯಾಗಿ ಉದುರಿತು. ಒಳಗಿನಿಂದ ಬಾಳೆಯ ಸುಳಿ ಬಿಚ್ಚಿಕೊಂಡ ಹಾಗೆ ಹೊಚ್ಚ ಹೊಸ ಹಸಿರು ಗರಿ ಬಿಚ್ಚಿಕೊಂಡಿತು. ಅಬ್ಬಾ! ಅಷ್ಟು ಉದ್ದದ ಗರಿಯನ್ನು ಅಷ್ಟು ಸಣ್ಣ ಕಡ್ಡಿಯೊಳಗೆ ಯಾರು ಸುತ್ತಿಟ್ಟಿದ್ದರೋ! ಅವತ್ತು ರಾತ್ರಿಯ ಅಡುಗೆಗೆ ಉಪ್ಪು ಹಾಕಲು ಮರೆತೆ.

ಗರಿ ಬಂದರೆ ಸಾಲದು, ಹಾರುವ ಅಭ್ಯಾಸವೂ ಬೇಕಲ್ಲ. ಮರಿಯಾಗಿದ್ದಾಗಿನಿಂದ ಪಂಜರದಲ್ಲೇ ಬೆಳೆದವು ಅವು. ಅಂಗಡಿಯಲ್ಲಿ ಜಾಗವಿಲ್ಲ. ನಮ್ಮ ಮನೆಯ ಹಾಲ್ ಖಾಲಿ ಮಾಡಿ, ಕಿಟಕಿಗಳಿಗೆ ಸೊಳ್ಳೆ ಪರದೆ ಬಿಗಿದು, ಫ್ಯಾನಿನ ಸ್ವಿಚ್ಚಿಗೆ ಅಂಟುಪಟ್ಟಿ ಹಾಕಿ, ದಿನಕ್ಕೆ ಏಳೆಂಟು ಗಿಳಿಗಳಂತೆ ಮೇಲೆ ತಂದೆವು. ನಮ್ಮ ಮನೆಯವರು ಕಾರ್ಖಾನೆಯಿಂದ ಬಂದು ಬಾಗಿಲಲ್ಲೇ ನಿಂತರು. ಒಣಹಾಕಿದ್ದ ಅವರ ಬನಿಯನ್ನಿನ ಮೇಲೆ ಒಂದು ಗಿಳಿ ಕೂತು ಮಾಡಬಾರದ್ದನ್ನು ಮಾಡುತ್ತಿತ್ತು.

“ಏನ್ ನಡಸೀ ಇದು? ಮನಿ ಅದನೋ, ಸಂತಿ ಅದನೋ?” ಎಂದರು. ಚಾಚಾ ಜೈಲಿಗೆ ಹೋಗಬಹುದು ಎಂದು ನಾನು ಹೇಳಿದ ಮೇಲೆ ಹಾಸಿಗೆ ಸುತ್ತಿಕೊಂಡು ಒಳಗೆ ಹೋದರು. ಎರಡು ವಾರ ಅಡುಗೆಮನೆಯಲ್ಲೇ ಮಲಗಿದರು, ಪಾಪ.

ಹಾರಲು ಕಲಿಸುವುದು ಹೇಗೆ? ಚಾಚಾಗೆ ಗೊತ್ತಿದ್ದದ್ದು ಒಂದೇ ದಾರಿ. ಗಿಳಿಗಳನ್ನು ಈ ಕಡೆಯ ಗೋಡೆಯ ಹಲಗೆಯ ಮೇಲೆ ಕೂರಿಸಿ, ತಾವು ಆ ಕಡೆಯ ಗೋಡೆಯ ಹತ್ತಿರ ಅಂಗೈಯಲ್ಲಿ ಕಡಲೆ ಹಿಡಿದು ನಿಂತು ಸೀಟಿ ಹೊಡೆಯುವುದು. ಮೊದಮೊದಲು ಅವು ಧೊಪ್ಪಧೊಪ್ಪನೆ ಬಿದ್ದವು. ಬಿದ್ದದ್ದನ್ನು ಎತ್ತಿ ಮುದ್ದು ಮಾಡಿ ಮತ್ತೆ ಹಲಗೆಯ ಮೇಲೆ. ಹೀಗೇ ಒಂದು ಭಾನುವಾರ ಮಧ್ಯಾಹ್ನ ಒಂದು ಗಿಳಿ ಬೀಳಲಿಲ್ಲ. ಅರ್ಧ ದಾರಿಯಲ್ಲಿ ಫ್ಯಾನು ಅಡ್ಡ ಬಂತು, ಅದು ಮೈ ವಾಲಿಸಿ ಫ್ಯಾನನ್ನು ಸುತ್ತಿ ಹೋಯಿತು. ನನ್ನ ಪಕ್ಕದಲ್ಲೇ ಹಾದುಹೋದಾಗ ರೆಕ್ಕೆಯ ಗಾಳಿ ಕೆನ್ನೆಗೆ ತಾಗಿತು. ಸೀದಾ ಚಾಚಾರ ಅಂಗೈ ಮೇಲೆ ಬಂದಿಳಿಯಿತು.

ಮೂರು ತಿಂಗಳು ತುಂಬಲು ನಾಲ್ಕು ದಿನವಿದ್ದಾಗ ಅಧಿಕಾರಿ ಮೆಟಡೋರ್ ವ್ಯಾನು ತಂದರು. ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಹಳೆಯ ಮರಗಳಿವೆ, ಕಾಡು ಗಿಳಿಗಳೂ ಇವೆ, ಅಲ್ಲೇ ಬಿಡೋಣ ಎಂದಿದ್ದರು. ಬಳ್ಳಾರಿ ರಸ್ತೆಯುದ್ದಕ್ಕೂ ಚಾಚಾ ಪಂಜರದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು. ಕೆರೆ ಏರಿಯ ಮೇಲೆ ಪಂಜರಗಳನ್ನಿಟ್ಟು ಬಾಗಿಲು ತೆಗೆದರೆ ಒಂದೂ ಹೊರಗೆ ಬರಲಿಲ್ಲ. ಆಕಾಶದ ಪರಿಚಯವೇ ಇಲ್ಲದ ಹಕ್ಕಿಗಳು. ಆಗ ಚಾಚಾ ಏರಿಯ ಮೇಲೆ ದೂರ ನಡೆದುಹೋಗಿ, ತಿರುಗಿ ನಿಂತು, ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು.

ಮೂವತ್ತೊಂದೂ ಒಟ್ಟಿಗೇ ಎದ್ದವು. ಚಾಚಾರ ಕಡೆಗೇ ಹೋದವು, ಆದರೆ ಎದುರಿಗೆ ಗೋಡೆ ಇರಲಿಲ್ಲ. ವೇಗ ತಡೆಯಲಾಗದೆ ಅವರ ತಲೆಯ ಮೇಲಿಂದ ಹಾದು, ನೀರಿನ ಮೇಲಕ್ಕೆ ಏರಿ, ಉದ್ದ ಬಾಲ ಬಿಚ್ಚಿ ಇಡೀ ಕೆರೆಯನ್ನು ಒಂದು ಸುತ್ತು ಹಾಕಿದವು. ಬಿಸಿಲು ಬಿದ್ದು ಹೊಟ್ಟೆಯ ಕೆಳಗೆಲ್ಲ ಹಳದಿ ಹೊಳೆಯಿತು. ನಾನು ನಿಂತಲ್ಲೇ ಕೈ ಮುಗಿದೆ. ಯಾರಿಗೆ ಮುಗಿದೆನೋ ಗೊತ್ತಿಲ್ಲ. ಚಾಚಾ ಹಸಿ ಮಣ್ಣಿನಲ್ಲೇ ಕೂತುಬಿಟ್ಟಿದ್ದರು. ಮೂವತ್ತು ವರ್ಷ ಗಿಳಿ ಮಾರಿದರೂ ಅವು ಹೀಗೆ ಹಾರುವುದನ್ನು ಕೆಳಗೆ ನಿಂತು ನೋಡಿದ್ದು ಇದೇ ಮೊದಲು ಎಂದರು. ಅಧಿಕಾರಿ ತಾವೇ ಕೈ ಹಿಡಿದು ಅವರನ್ನು ಎಬ್ಬಿಸಿದರು. ಕೇಸು ಇಲ್ಲ, ಎಲ್ಲ ಮುಗಿಯಿತು ಎಂದು ಮೂವರೂ ಯಲಹಂಕದಲ್ಲಿ ಕಾಫಿ ಕುಡಿದು ಮನೆಗೆ ಬಂದೆವು.

ಎಲ್ಲಿ ಮುಗಿಯಿತು? ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಅಂಗಡಿಯ ಮುಂದಿನ ಕರೆಂಟು ತಂತಿಯ ಮೇಲೆ ಸಾಲಾಗಿ ಕೂತಿದ್ದವು. ಎಣಿಸಿದೆ. ಮೂವತ್ತೊಂದು. ಅಷ್ಟು ದೂರದಿಂದ ದಾರಿ ಹೇಗೆ ಹಿಡಿದವೋ, ವ್ಯಾನಿನೊಳಗೆ ಕೂತು ಬಂದ ದಾರಿಯನ್ನು ಯಾವ ಕಣ್ಣಿನಿಂದ ನೋಡಿದ್ದವೋ, ದೇವರಿಗೇ ಗೊತ್ತು. ಚಾಚಾ ಹುಚ್ಚು ಹಿಡಿದವರಂತೆ ಹೊರಗೆ ಓಡಿಬಂದು ಸೀಟಿ ಹೊಡೆದರು. ಎಲ್ಲವೂ ಇಳಿದವು. ಹೆಗಲು, ತೋಳು, ಟೋಪಿ, ಎಲ್ಲೆಲ್ಲೂ ಗಿಳಿ. ರಸ್ತೆಯ ಜನ ಕೆಲಸ ಬಿಟ್ಟು ನಿಂತು ನೋಡಿದರು. ನಾನು ಚಪ್ಪಾಳೆ ತಟ್ಟಿದೆ, ಪೆದ್ದಿ.

ಮಧ್ಯಾಹ್ನದ ಹೊತ್ತಿಗೆ ಅಧಿಕಾರಿ ಬಂದರು. ಗಿಳಿ ಅಂಗಡಿ ಮತ್ತೆ ಶುರುವಾಗಿದೆ ಎಂದು ಯಾರೋ ದೂರು ಕೊಟ್ಟಿದ್ದರು. ಅಷ್ಟರಲ್ಲಿ ಬಲೆ ಕಟ್ಟಿದ ಉದ್ದನೆಯ ಕೋಲು ಹಿಡಿದ ಇಬ್ಬರು ಎದುರಿನ ಕಾಂಪೌಂಡಿನ ಹತ್ತಿರ ಸುಳಿದಾಡುತ್ತಿದ್ದುದನ್ನು ನಾನೂ ಕಂಡಿದ್ದೆ. ಅಧಿಕಾರಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

“ಚಾಚಾ, ಇವು ನಿಮ್ಮ ಹೆಗಲ ಮೇಲೆ ಕೂತಿರೋದನ್ನ ನಾನು ನೋಡಿದ್ರೆ ಕೇಸು. ಆ ಬಲೆಯವ್ರು ನೋಡಿದ್ರೆ ಇವು ಮತ್ತೆ ಪಂಜರಕ್ಕೆ. ನೀವು ಕರೀತೀರಿ, ಅದಕ್ಕೇ ಬರ್ತಾವೆ. ಕರೀಬೇಡಿ. ಕಣ್ಣಿಗೂ ಬೀಳ್ಬೇಡಿ.”

ನನ್ನ ತಲೆಗೆ ಆಗ ಹೊಳೆಯಿತು. ಎರಡು ವಾರ ನಮ್ಮ ಮನೆಯ ಹಾಲ್‌ನಲ್ಲಿ ನಾವು ಕಲಿಸಿದ್ದು ಹಾರಿ ಹೋಗುವುದನ್ನಲ್ಲ, ಚಾಚಾರ ಹತ್ತಿರಕ್ಕೆ ಹಾರಿ ಬರುವುದನ್ನು. ಒಬ್ಬರಿಗಾದರೂ ಇದು ಹೊಳೆಯಬಾರದಿತ್ತೇ? ಮಕ್ಕಳಿಗೆ ಪಾಠ ಹೇಳುವವಳು ನಾನು!

ಅವತ್ತೇ ಚಾಚಾ ಶಟರ್ ಎಳೆದರು. ಲವ್‌ಬರ್ಡ್ಸ್ ಪಂಜರಗಳು ಹಿಂದಿನ ಕೋಣೆಗೆ ಹೋದವು. ಬೆಳಿಗ್ಗೆ ಏಳಕ್ಕೆ ಗಿಳಿಗಳು ತಂತಿಯ ಮೇಲೆ ಬಂದು ಕೂತು ಕೂಗುತ್ತಿದ್ದವು. ಸ್ವಲ್ಪ ಹೊತ್ತು ಕಾದು, ಇಳಿದು, ಶಟರಿನ ಮುಂದೆ ಓಡಾಡಿ, ಮತ್ತೆ ಹಾರಿ ಕೂರುತ್ತಿದ್ದವು. ಶಟರಿನ ಒಳಗಡೆ ಕತ್ತಲಲ್ಲಿ ಚಾಚಾ ಬಾಯಿಗೆ ಟವಲ್ ತುರುಕಿಕೊಂಡು ಕೂತಿರುತ್ತಿದ್ದರು. ಮೂವತ್ತು ವರ್ಷದ ಅಭ್ಯಾಸ, ಏಳು ಗಂಟೆಯಾದರೆ ತುಟಿ ತಾನಾಗಿಯೇ ಸೀಟಿಗೆ ಕೂಡುತ್ತದೆ ಎನ್ನುತ್ತಿದ್ದರು. ಅವರ ಹೆಂಡತಿ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಿರುತ್ತಿದ್ದರು.

ಬಲೆಯವರನ್ನು ಓಡಿಸುವ ಕೆಲಸ ನನ್ನದಾಯಿತು. ಕಿಟಕಿಯಿಂದ ನಾನು ಬೈದ ಬೈಗುಳ ಗದಗಿನವರಿಗೆ ಮಾತ್ರ ಪೂರ್ತಿ ಅರ್ಥವಾಗುವಂಥದ್ದು. ಆದರೂ ಅವರಿಗೆ ಬೇಕಾದಷ್ಟು ಅರ್ಥವಾಯಿತು. ಗಿಳಿಗಳನ್ನು ಎಣಿಸಿಕೊಂಡು ಹಿಂದಿನ ಮೆಟ್ಟಿಲಿಂದ ಇಳಿದು ಚಾಚಾಗೆ ಲೆಕ್ಕ ಹೇಳಿ ಶಾಲೆಗೆ ಹೋಗುತ್ತಿದ್ದೆ. ನಾಲ್ಕನೆಯ ದಿನ ಇಪ್ಪತ್ತೇಳು. ಆಮೇಲೆ ಹತ್ತೊಂಬತ್ತು. ಹತ್ತನೆಯ ದಿನ ಎಂಟು. ಪ್ರತಿ ಸಲವೂ ಚಾಚಾ ಒಳ್ಳೆಯದು ಎಂದು ತಲೆಯಾಡಿಸುತ್ತಿದ್ದರು. ದಿನ ದಿನಕ್ಕೆ ಇಳಿದುಹೋಗುತ್ತಿದ್ದರು ಕೂಡ.

ಕೊನೆಗೆ ಒಂದೇ ಉಳಿಯಿತು. ಗಂಡಿನ ಹಾಗೆ ಕೊರಳಿನಲ್ಲಿ ಪಟ್ಟಿಯಿಲ್ಲದ ಹೆಣ್ಣು ಗಿಳಿ. ಅದು ತಂತಿಯ ಮೇಲೆ ಕೂರುತ್ತಿರಲಿಲ್ಲ. ಸೀದಾ ಶಟರಿನ ಹತ್ತಿರ ಇಳಿದು ಕೊಕ್ಕಿನಿಂದ ತಗಡನ್ನು ಕುಟ್ಟುತ್ತಿತ್ತು. ಮಹಡಿಯ ಮೇಲಿದ್ದ ನನಗೇ ಕೇಳುತ್ತಿತ್ತೆಂದರೆ ಒಂದು ಮಾರು ದೂರದಲ್ಲಿ ಕೂತಿದ್ದ ಅವರಿಗೆ ಹೇಗೆ ಕೇಳುತ್ತಿತ್ತೋ. ಮೂರು ದಿನ ಹೀಗೇ ಕುಟ್ಟಿತು. ಮೂರನೆಯ ದಿನ ಅಧಿಕಾರಿ ಬಂದು ನಿಂತು ನೋಡಿದರು. ಅವರ ಕಣ್ಣೂ ಒದ್ದೆಯಾಯಿತು. ನಾನು ಲೆಕ್ಕ ಹೇಳಲು ನಿಂತಿದ್ದ ಹಿಂದಿನ ಬಾಗಿಲಿಗೆ ಬಂದು, ಇದೊಂದನ್ನು ಇಟ್ಟುಕೊಂಡುಬಿಡಿ ಚಾಚಾ, ನಾನು ನೋಡಿಲ್ಲ ಎಂದುಕೊಳ್ಳುತ್ತೇನೆ ಎಂದರು.

ನನ್ನ ಎದೆ ಹಗುರಾಯಿತು. ಹೂಂ ಅನ್ನಿ ಚಾಚಾ, ಹೂಂ ಅನ್ನಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಚಾಚಾ ಟವಲನ್ನು ಬಾಯಿಯಿಂದ ತೆಗೆದರು.

“ಬೇಡ ಸಾಬ್. ಇದರ ಕೂಗು ಕೇಳಿದ್ರೆ ಉಳಿದವೂ ವಾಪಸ್ ಬರ್ತಾವೆ. ನೀವು ನೋಡಿಲ್ಲ ಅನ್ಬೋದು. ನಾನು ನೋಡಿದೀನಲ್ಲ, ಅದು ಆ ಕೆರೆ ಮೇಲೆ ಹೆಂಗೆ ಹೋಯ್ತು ಅಂತ.”

ಮತ್ತೆ ಟವಲನ್ನು ಬಾಯಿಗಿಟ್ಟುಕೊಂಡು ಶಟರಿನ ಹತ್ತಿರ ಹೋಗಿ ಕೂತರು. ಕಾನೂನಿನ ಮನುಷ್ಯ ಕಾನೂನನ್ನು ಸಡಿಲ ಬಿಟ್ಟಿದ್ದರು, ಹಕ್ಕಿ ಮಾರುವ ಮನುಷ್ಯ ಅದನ್ನು ಗಟ್ಟಿಯಾಗಿ ಹಿಡಿದಿದ್ದರು. ನಾನು ಇಬ್ಬರ ಮುಖವನ್ನೂ ನೋಡುತ್ತಾ ನಿಂತಿದ್ದೆ. ಓದು ಬರಹ ಬಾರದ ಆ ಮುದುಕರ ಮುಂದೆ ನನಗೆ ನಾನೇ ತೀರಾ ಚಿಕ್ಕವಳಾಗಿ ಕಂಡೆ.

ಮಾರನೆಯ ದಿನ ಏಳು ಗಂಟೆಗೆ ಕಿಟಕಿಯಲ್ಲಿ ನಿಂತೆ. ಏಳೂವರೆಯಾಯಿತು, ಎಂಟಾಯಿತು. ಶಟರಿನ ಮುಂದೆ ಏನೂ ಇರಲಿಲ್ಲ. ಕೆಳಗಿಳಿದು ಹಿಂದಿನ ಬಾಗಿಲಿಗೆ ಹೋದೆ. ಎಷ್ಟು ಎಂದು ಚಾಚಾ ಕಣ್ಣಲ್ಲೇ ಕೇಳಿದರು. ಒಂದೂ ಇಲ್ಲ ಎಂದೆ.

“ಗರಿ ಬಿದ್ದಿದೆಯಾ ಎಲ್ಲಾದ್ರೂ? ನೋಡಿದ್ರಾ?”

ಬೆಕ್ಕೋ ಬಲೆಯೋ ಹಿಡಿದಿದ್ದರೆ ಗರಿ ಉದುರಿರುತ್ತದೆ. ನಾನು ರಸ್ತೆಯ ಎರಡೂ ಬದಿ, ಚರಂಡಿ, ಎದುರಿನ ಕಾಂಪೌಂಡು, ಎಲ್ಲ ನೋಡಿಯೇ ಬಂದಿದ್ದೆ. ಒಂದು ಗರಿಯೂ ಬಿದ್ದಿಲ್ಲ ಎಂದೆ. ಚಾಚಾ ಗೋಡೆಗೆ ಒರಗಿದರು. ಮುಖವೆಲ್ಲ ಅರಳಿತು, ಅರಳಿದ ಮುಖದ ಮೇಲೆಯೇ ನೀರು ಇಳಿಯತೊಡಗಿತು.

“ನನ್ನ ಮಾತು ಕೇಳೋ ಹಕ್ಕಿ ಬೇಕಾದಷ್ಟು ಸಾಕಿದೀನಿ ಟೀಚರಮ್ಮ. ನನ್ನನ್ನ ಬಿಟ್ಟು ಹೋಗೋ ಅಷ್ಟು ಚೆನ್ನಾಗಿ ಸಾಕಿದ್ದು ಇವನ್ನ ಮಾತ್ರ.”

ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಅವತ್ತು ಶಾಲೆಗೆ ಹೋಗಲಿಲ್ಲ.